ಮನೆಯ ವೈ-ಫೈಗೆ ಡಬ್ಲ್ಯುಪಿಎ2 ಸಾಕೇ, ಡಬ್ಲ್ಯುಪಿಎ3 ಬೇಕೇ?

ಈಚಿನ ರೂಟರ್‌ಗಳ ಸೆಟ್ಟಿಂಗ್ಸ್‌ನಲ್ಲಿ ಈ ಎರಡೂ ಹೆಸರುಗಳು ಕಾಣುತ್ತವೆ; ಇವು ವೈ-ಫೈಗೆ ಬೇರೆಯವರು ನುಸುಳದಂತೆ ಕಾಯುವ ಸುರಕ್ಷತಾ ವಿಧಾನಗಳು. 2004ರಲ್ಲಿ ಬಂದ ಡಬ್ಲ್ಯುಪಿಎ2 ಹಳೆಯ ಮೊಬೈಲ್, ಪ್ರಿಂಟರ್‌ಗಳಿಗೂ ಒಗ್ಗುತ್ತದೆ. ಆದರೆ ನಿಮ್ಮ ಫೋನು ರೂಟರಿಗೆ ಸೇರಿಕೊಳ್ಳುವ ಕ್ಷಣದ ಸಂಕೇತಗಳನ್ನು ಪಕ್ಕದ ಮನೆಯಿಂದ ಹಿಡಿದಿಟ್ಟುಕೊಂಡವನು, ಆಮೇಲೆ ನಿಧಾನವಾಗಿ ತನ್ನ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಪಾಸ್‌ವರ್ಡ್‌ಗಳನ್ನು ಹೊಂದಿಸಿ ನೋಡಬಹುದು. ರೂಟರಿಗೆ ಅದರ ಸುಳಿವೂ ಸಿಗುವುದಿಲ್ಲ. ಮಗುವಿನ ಹೆಸರನ್ನೋ ಮೊಬೈಲ್ ಸಂಖ್ಯೆಯನ್ನೋ ಪಾಸ್‌ವರ್ಡ್ ಮಾಡಿಕೊಂಡಿರುವ ಮನೆಗಳನ್ನು ನೆನೆದರೆ ನನಗೆ ನಿಜಕ್ಕೂ ಆತಂಕವಾಗುತ್ತದೆ.

2018ರ ಡಬ್ಲ್ಯುಪಿಎ3ರಲ್ಲಿ ಹಾಗಿಲ್ಲ; ಪ್ರತಿ ಊಹೆಗೂ ರೂಟರಿನ ಬಾಗಿಲನ್ನೇ ತಟ್ಟಬೇಕು. ನನ್ನ ಆಯ್ಕೆ ಇದೇ. ಹಳೆಯ ಸಾಧನಗಳಿದ್ದರೆ ಎರಡನ್ನೂ ಒಪ್ಪುವ ಮಿಶ್ರ ವಿಧಾನವನ್ನು ಇಡಿ. ಆಗ ಪಾಸ್‌ವರ್ಡ್ ಉದ್ದವಾಗಿರಲೇಬೇಕು, ಏಕೆಂದರೆ ಡಬ್ಲ್ಯುಪಿಎ2ರ ದೌರ್ಬಲ್ಯ ಅಲ್ಲಿ ಉಳಿದೇ ಇರುತ್ತದೆ.