ಚಾಸಿಸ್ ಫರ್ಮ್‌ವೇರ್: ಒಂದೊಂದಾಗಿಯಾ, ಒಟ್ಟಿಗಾ?

ಬೆಳಗಾವಿಯ ನಿಮ್ಮ ಕಾಲೇಜಿಗೆ ಬಂದಿರುವ ಡೆಲ್ ಎಂಎಕ್ಸ್7000 ಚಾಸಿಸ್‌ನಲ್ಲಿ (ಬ್ಲೇಡ್ ಎನ್ನುವ ಹಲವು ಸರ್ವರ್‌ಗಳು ಕೂರುವ ಪೆಟ್ಟಿಗೆ) ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ಮೂಲ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಲು ಯಾವ ದಾರಿ ಸರಿ ಅಂತ ಕೇಳಿದ್ದೀರಿ: ಬ್ಲೇಡ್‌ಗಳನ್ನು ಒಂದೊಂದಾಗಿಯಾ, ಎಲ್ಲ ಒಟ್ಟಿಗಾ. ಖರ್ಚಿನ ಮಾತು ಬೇಗ ಮುಗಿಯುತ್ತದೆ: ಪ್ರತಿ ಬ್ಲೇಡಿನ ಐಡ್ರಾಕ್‌ಗೆ (ಆ ಬ್ಲೇಡನ್ನು ದೂರದಿಂದ ನಿರ್ವಹಿಸಲು ಅದರೊಳಗೇ ಇರುವ ವ್ಯವಸ್ಥೆ) ಹೋದರೂ, ಚಾಸಿಸ್ ಒಳಗೇ ಇದ್ದು ಎಲ್ಲ ಬ್ಲೇಡ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಓಎಂಇ-ಮಾಡ್ಯುಲರ್ ಸಾಫ್ಟ್‌ವೇರ್ ಬಳಸಿದರೂ ಬೇರೆ ಸರ್ವರ್ ಬೇಕಿಲ್ಲ.

ವ್ಯತ್ಯಾಸ ಇರುವುದು ಎಲ್ಲ ಬ್ಲೇಡ್ ಒಂದೇ ವರ್ಷನ್‌ನಲ್ಲಿ ಉಳಿಯುತ್ತವಾ ಅನ್ನೋದರಲ್ಲಿ. 8 ಬ್ಲೇಡ್‌ಗಳನ್ನು ಒಂದೊಂದಾಗಿ ಮಾಡುತ್ತಾ ಕೂತಾಗ ಐದನೆಯದರ ಹೊತ್ತಿಗೆ ಫೋನ್ ಬಂತು, ಆರನೆಯದು ಹಳೆಯ ಬಯಾಸ್‌ನಲ್ಲೇ (ಸರ್ವರನ್ನು ಶುರುಮಾಡುವ ಫರ್ಮ್‌ವೇರ್) ಉಳಿದುಹೋಯಿತು, ಎರಡು ತಿಂಗಳು ನನಗೆ ಗೊತ್ತೇ ಆಗಲಿಲ್ಲ. ಮಾಡ್ಯುಲರ್‌ನಲ್ಲಿ ಕ್ಯಾಟಲಾಗ್ (ಡೆಲ್ ಕೊಡುವ ಫರ್ಮ್‌ವೇರ್ ವರ್ಷನ್‌ಗಳ ಪಟ್ಟಿ) ಕೊಟ್ಟು ಬೇಸ್‌ಲೈನ್ (ಆ ಪಟ್ಟಿಗೆ ಬ್ಲೇಡ್‌ಗಳನ್ನು ಹೋಲಿಸುವ ಅಳತೆಗೋಲು) ಮಾಡಿದರೆ ಹಿಂದೆ ಬಿದ್ದ ಬ್ಲೇಡ್ ತಕ್ಷಣ ಕಾಣುತ್ತದೆ. ನೆಟ್ ನಿಧಾನವಾ? ಕ್ಯಾಟಲಾಗ್ ಎನ್‌ಎಫ್‌ಎಸ್ ಶೇರ್‌ನಲ್ಲಿಡಿ, ಅಂದರೆ ನಿಮ್ಮದೇ ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್‌ನಲ್ಲಿ.

ಆದರೆ ಬಯಾಸ್‌ಗೆ ರೀಬೂಟ್ ಬೇಕೇ ಬೇಕು. ಸುಮ್ನೆ ಎಲ್ಲಕ್ಕೂ ಟಿಕ್ ಹಾಕಿ ಈಗಲೇ ಅಂತ ಒತ್ತಬೇಡಿ, ಪರೀಕ್ಷೆಯ ದಿನ ಎಲ್ಲವೂ ಮಲಗಿದರೆ ಕಷ್ಟ ಅಲ್ವಾ? ಮುಂದಿನ ರೀಬೂಟ್‌ಗೆ ಅಂತ ಇಟ್ಟು, ಆ ಬ್ಲೇಡ್ ಮೇಲೆ ಓಡುತ್ತಿರುವ ವಿಎಂಗಳನ್ನು (ವರ್ಚುವಲ್ ಯಂತ್ರಗಳನ್ನು) ಬೇರೆ ಬ್ಲೇಡ್‌ಗೆ ಸರಿಸಿ, ಒಂದೊಂದೇ ಬ್ಲೇಡ್ ರೀಬೂಟ್ ಮಾಡಿ.

ಒಂದೇ ಬ್ಲೇಡ್ ತಕರಾರು ಮಾಡುತ್ತಿದ್ದರೆ, ಹಳೆಯ ವರ್ಷನ್‌ಗೆ ಮರಳಬೇಕಿದ್ದರೆ ಐಡ್ರಾಕ್ ಸಾಕು. ತುಂಬಿದ ಚಾಸಿಸ್‌ಗೆ ಮಾಡ್ಯುಲರ್. ವಿಜಯಪುರದಲ್ಲೂ ಬಾಗಲಕೋಟೆಯಲ್ಲೂ ಸರ್ವರ್‌ಗಳಿದ್ದರೆ ಮಾತ್ರ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಡೆಲ್‌ನ ಓಪನ್‌ಮ್ಯಾನೇಜ್ ಎಂಟರ್‌ಪ್ರೈಸ್ ಸಾಫ್ಟ್‌ವೇರ್‌ಗೆ ಒಂದು ವಿಎಂ ಕೊಡಿ.