ಲೀಗಲ್ ಪ್ಲಾನ್ ಕಾರ್ಡ್ ಮಾರ್ಲಿಕ್ಕ ಬಂದ್ರ ಮೊದಲು ಇದನ್ನ ಓದ್ರಿ, ನಮ್ಮವ್ವಂದು ಆರು ತಿಂಗಳು ಹಾಳಾಯ್ತು

ನಮ್ ಕಲಬುರಗಿ ಕಡಿ ಮಂದಿಗಿ ಗೊತ್ತಾಗ್ಲಿ ಅಂತ ಬರೀಲತ್ತೀನ್ರಿ, ಉದ್ದ ಆಗ್ತದ, ಆದ್ರೂ ಪೂರ್ತಿ ಓದ್ರಿ.

ನಮ್ಮಪ್ಪ ತೀರ್ಕೊಂಡು ಬಾಳ ವರ್ಷ ಆಯ್ತು. ಜೇವರ್ಗಿ ತಾಲೂಕಿನಾಗ ಹೊಲ ಅದ, ಅದು ಅಜ್ಜನ ಹೆಸರಿಲೆ ಇತ್ತು. ಅಜ್ಜ ತೀರ್ಕೊಂಡ ಮ್ಯಾಲ ನಮ್ ಕಾಕಾ ಸುಮ್ಮನೆ ಪೌತಿ ಖಾತೆ (ಸತ್ತವರ ಹೆಸರಿಂದ ವಾರಸುದಾರರ ಹೆಸರಿಗಿ ಖಾತೆ ಬದಲಿ) ಮಾಡಿಸ್ಕೊಂಡು ಪಹಣಿ ಒಬ್ಬನ ಹೆಸರಿಗಿ ಮಾಡ್ಕೊಂಡಾನ. ಅವ್ವ ಹೆಂಗೋ ಮಾಡಿ ಅದಕ್ಕ ಕಾಕಾ ಕೊಟ್ಟ ವಂಶಾವಳಿ ಝೆರಾಕ್ಸ್ ತೆಗಿಸಿ ಸೆರಗಿನಾಗ ಸುತ್ಕೊಂಡು ಬಂದ್ಲು. ಅದರಾಗ ಅಜ್ಜನ ಹೆಸರು, ಕೆಳಗ ಒಂದೇ ಗೆರಿ, ಆ ಗೆರಿ ತುದಿಗಿ ಕಾಕಾನ ಹೆಸರು. ನಮ್ಮಪ್ಪ ಹುಟ್ಟೇ ಇಲ್ಲ ಅನ್ನೋ ಹಂಗ. ಅವ್ವ ಆ ಗೆರಿ ಮ್ಯಾಲ ಬೊಟ್ಟು ಇಟ್ಕೊಂಡೇ ಕುಂತಿದ್ಲು, ಎಷ್ಟೊತ್ತಾದ್ರೂ ಮಾತಾಡ್ಲಿಲ್ಲ.

ಅದೇ ವ್ಯಾಳ್ಯಾಕ್ಕ ಪರಿಚಯದ ಹುಡುಗ ಒಬ್ಬ ಮನಿಗಿ ಬಂದ, ಸಂಕ್ರಾಂತಿ ಮುಂದ. ಕಂಪನಿ ಹೆಸರು ಇಲ್ಲಿ ಹಾಕಲ್ಲ, ಕಂಪ್ಲೇಂಟ್ ನಡದದ. "ವರ್ಷಕ್ಕ 5,499 ಕಟ್ರಿ ಅಣ್ಣ, ಮನಿ ಮಂದಿಗೆಲ್ಲ ವಕೀಲರು ಫ್ರೀ, ಹೊಲದ್ದು, ಚೆಕ್ ಬೌನ್ಸ್, ಡೈವೋರ್ಸ್, ಏನ್ ಬಂದ್ರೂ ಫೋನ್ ಮಾಡಿದ್ರ ಸಾಕು" ಅಂದ. ನಾ ಹೊಲದ ವಿಷಯ ಅವನ ಮುಂದ ಪೂರ್ತಿ ಹೇಳ್ದೆ, ವಂಶಾವಳಿನೂ ತೋರಿಸ್ದೆ, "ಇದೇನು ದೊಡ್ಡ ಮಾತಲ್ಲ, ಆಗ್ತದ" ಅಂದ. ಎಟಿಎಂ ಕಾರ್ಡ್ ನಂಬರ್ ಹಾಕಿ ಓಟಿಪಿ ಕೊಟ್ಟು ಅವತ್ತೇ ತಗೊಂಡೆ.

ಫೋನ್ ಮಾಡಿದ್ರ ಯಾವುದೋ ದೂರದ ಊರಿನ ವಕೀಲರು, ಹಿಂದಿ ಇಂಗ್ಲಿಷ್ ಬಿಟ್ಟು ಮಾತಿಲ್ಲ. ಪಹಣಿ ಅಂದ್ರ ಏನು, ಪೌತಿ ಅಂದ್ರ ಏನು ಅಂತ ನಾನೇ ಅವರಿಗಿ ತಿಳಿಸಿ ಹೇಳಬೇಕಾಯ್ತು, ಅಷ್ಟರಾಗ ಇಪ್ಪತ್ತು ನಿಮಿಷ ಮುಗೀತು, ಫೋನ್ ಕಟ್. ಮತ್ತ ಮಾಡಿದ್ರ ಬ್ಯಾರೆ ವಕೀಲರು, ಮತ್ತ ಮೊದಲಿಂದ ಹೇಳು. ಹಿಂಗ ಟಿಕೆಟ್ ನಂಬರ್ ಮ್ಯಾಲ ಟಿಕೆಟ್ ನಂಬರ್ ಆಗಿ ಜೂನ್ ಬಂತು. ಕಡೀಕ ಒಂದು ಮೇಲ್ ಬಂತು, ನಿಮ್ಮ ತಕರಾರು ಪ್ಲಾನ್ ತಗೊಳ್ಳೋದಕ್ಕಿಂತ ಮೊದಲೇ ಶುರುವಾಗ್ಯಾದ, ಇದು ಪ್ಲಾನಿನಾಗ ಬರಲ್ಲ ಅಂತ.

ಅವಾಗ ಕುಂತು ಟರ್ಮ್ಸ್ ಓದಿದೆ. ಮೊದಲೇ ಓದಬೇಕಿತ್ತು, ಅದು ನಂದೇ ತಪ್ಪು. ಅದರಾಗ ಬರೆದಿದ್ದು ನೋಡ್ರಿ: ಫ್ರೀ ಇರೋದು ಫೋನಿನಾಗ ಸಲಹೆ, ವರ್ಷಕ್ಕ ಎರಡು ನೋಟಿಸು, ಹತ್ತು ಪೇಜಿನ ಒಳಗಿನ ಕಾಗದ ಓದಿ ಹೇಳೋದು, ಇಷ್ಟೇ. ಕೋರ್ಟಿನಾಗ ನಿಂತು ವಾದ ಮಾಡ್ಲಿಕ್ಕ ಬರೇ 25% ರಿಯಾಯಿತಿ, ಅದೂ ಅವರ ಪಟ್ಟಿಯಾಗಿನ ವಕೀಲರು ಹೇಳಿದ ಫೀಸ್ ಮ್ಯಾಲ, ಆ ಪಟ್ಟಿಯಾಗ ಕಲಬುರಗಿಯವರು ಒಬ್ರೂ ಇಲ್ಲ. ಕೋರ್ಟ್ ಫೀ, ಸ್ಟ್ಯಾಂಪು, ಟೈಪಿಂಗು ಎಲ್ಲಾ ನಮ್ದೇ. ಮೊದಲ 30 ದಿನ ಏನೂ ಕೇಳಂಗಿಲ್ಲ. ಇದು ಇನ್ಶೂರೆನ್ಸ್ ಅಲ್ಲ ಅಂತ ಅವರೇ ಸಣ್ಣ ಅಕ್ಷರದಾಗ ಬರೆದಾರ.

ಎಲ್ಲಾ ಪ್ಲಾನ್ ಮೋಸ ಅಂತ ನಾ ಹೇಳಲ್ಲ. ಅಮೇರಿಕಾದಾಗ 1970ರ ದಶಕದಿಂದ ಕಾರ್ಮಿಕ ಸಂಘಗಳು ಇಂಥಾ ಪ್ಲಾನ್ ನಡಸ್ಯಾವ, ಬಾಡಿಗಿ ಕರಾರು ಓದಿಸೋದು, ವಿಲ್ ಬರೆಸೋದು ಇಂಥಾ ಸಣ್ಣ ಕೆಲಸಕ್ಕ ಉಪಯೋಗ ಆಗ್ತದ. ಆದ್ರ ತಕರಾರು ಹುಟ್ಟಿದ ಮ್ಯಾಲ ಪ್ಲಾನ್ ತಗೊಂಡ್ರ ಏನೂ ಬರಲ್ಲ, ಮತ್ತ ನಮ್ಮಂಥವರು ತಗೊಳ್ಳೋದೇ ತಕರಾರು ಹುಟ್ಟಿದ ಮ್ಯಾಲ. ಇದು ಮಾರೋ ಹುಡುಗಗ ಚೆಂದಾಗಿ ಗೊತ್ತಿರ್ತದ. ಬಂದ್ರ ಒಂದೇ ಪ್ರಶ್ನೆ ಕೇಳ್ರಿ: ನನ್ನ ಈ ಕೇಸಿಗಿ ವಕಾಲತ್ತು ಹಾಕೋ ವಕೀಲರು ಯಾರು, ಯಾವ ಕೋರ್ಟಿನಾಗ ಕೂಡ್ತಾರ, ಅದನ್ನ ಬರೆದು ಕೊಡು.

ಇನ್ನ ನನ್ನ ಹೊಟ್ಟಿ ಉರಿಯೋ ಮಾತು ಹೇಳ್ತೀನಿ. ನಮ್ ಜಿಲ್ಲಾ ಕೋರ್ಟ್ ಕಂಪೌಂಡಿನಾಗೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಆಫೀಸ್ ಅದ. 1987ರ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗಿ, ಎಸ್ಸಿ ಎಸ್ಟಿಯವರಿಗಿ, ಮಕ್ಕಳಿಗಿ, ಅಂಗವಿಕಲರಿಗಿ ವಕೀಲರನ್ನ ಪುಕ್ಕಟ ಕೊಡ್ತಾರ. ಹೆಣ್ಮಕ್ಕಳಿಗಿ ಆದಾಯ ಎಷ್ಟು ಅಂತನೂ ಕೇಳಂಗಿಲ್ಲ. ನಮ್ಮವ್ವಗ ಮೊದಲ ದಿನದಿಂದ ಇದು ಸಿಗ್ತಿತ್ತು, ನಾ ರೊಕ್ಕ ಕಟ್ಟಿ ಫೋನ್ ಹಿಡ್ಕೊಂಡು ಕುಂತಿದ್ದೆ. ಜೂನಿನಾಗ ಹೋಗಿ ಅರ್ಜಿ ಕೊಟ್ವಿ, ಆಧಾರ್, ಪಹಣಿ, ವಂಶಾವಳಿ ಇಷ್ಟೇ ತಗೊಂಡು ಹೋಗಿದ್ವಿ. ಕೊಟ್ಟ ವಕೀಲಮ್ಮ ಝೆರಾಕ್ಸ್ ನೋಡಿದ ಕೂಡ್ಲೇ, ಮಗ ಮೊದಲೇ ತೀರಿದ್ರೂ ಅವನ ಹೆಂಡ್ತಿ ಮಕ್ಕಳಿಗಿ ಪಾಲು ಅದವ್ವ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಾಗೇ ಅದ ಅಂತ ಕನ್ನಡದಾಗ ಹೇಳಿದ್ರು. ಅವ್ವ ಅವತ್ತು ಮನಿಗಿ ಬಂದು ಹೊಟ್ಟಿ ತುಂಬ ಉಂಡ್ಲು. ಆದ್ರ ಆ ಪೌತಿ ಖಾತೆ ಮ್ಯಾಲ ಎಸಿ (ಉಪವಿಭಾಗಾಧಿಕಾರಿ) ಆಫೀಸಿನಾಗ ಅಪೀಲು ಹಾಕೋ ಅವಧಿ ದಾಟಿತ್ತು, ಈಗ ಅಪೀಲಿನ ಜೋಡಿ ವಿಳಂಬ ಮನ್ನಾ ಮಾಡ್ರಿ ಅಂತ ಬ್ಯಾರೆ ಅರ್ಜಿ ಹಾಕಬೇಕಾಯ್ತು, ಆ ಆರು ತಿಂಗಳಿಗಿ ಲೆಕ್ಕ ಕೊಡಬೇಕಾಯ್ತು. ಊರಿಂದ ಬರ್ಲಿಕ್ಕ ಆಗದವರು 15100ಕ್ಕ ಫೋನ್ ಮಾಡ್ರಿ, ಕಾನೂನು ನೆರವಿನ ನಂಬರ್ ಅದು.

ಇಷ್ಟಕ್ಕ ಮುಗೀಲಿಲ್ಲ. ಈ ವರ್ಷ ತೊಗರಿ ರಾಶಿ ನಡದಿತ್ತು, ಅಕೌಂಟಿಂದ ಮತ್ತ 5,499 ಹೋಯ್ತು. ಮೊದಲ ದಿನ ಕೊಟ್ಟ ಆ ಓಟಿಪಿ ಆಟೋ ಡೆಬಿಟ್‌ಗೂ ಒಪ್ಪಿಗಿ ಆಗಿತ್ತಂತ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ರೊಕ್ಕ ಕಡಿಯೋ 24 ತಾಸು ಮೊದಲು ಮೆಸೇಜ್ ಬರಬೇಕು, ಬಂದಿತ್ತು, ಹತ್ತು ಆಡ್ ಮೆಸೇಜಿನ ನಡುವ ನಾ ನೋಡ್ಲಿಲ್ಲ. 15,000ದ ಒಳಗ ಇದ್ರ ಹಿಂತಾದಕ್ಕ ಸಾಮಾನ್ಯವಾಗಿ ಮತ್ತ ಓಟಿಪಿ ಕೇಳಲ್ಲ. ಬ್ಯಾಂಕಿಗಿ ಹೋಗಿ ಆ ಆಟೋ ಡೆಬಿಟ್ ಒಪ್ಪಿಗಿ (ಮ್ಯಾಂಡೇಟ್) ಕ್ಯಾನ್ಸಲ್ ಮಾಡಿಸಿ ಬಂದೆ. ಕಾರ್ಡ್ ತಗೊಂಡವರು ಬ್ಯಾಂಕ್ ಆ್ಯಪಿನಾಗ, ಯುಪಿಐನಾಗ ಆಟೋಪೇ ಇವತ್ತೇ ನೋಡ್ಕೊಳ್ರಿ.

ಗ್ರಾಹಕರ ಸಹಾಯವಾಣಿ 1915ಕ್ಕ ಕಂಪ್ಲೇಂಟ್ ಮಾಡೀನಿ. ಕಂಪನಿಯವರು ರೊಕ್ಕ ವಾಪಸ್ ಕೊಡಲ್ಲ, ಏನಿದ್ರೂ ತಮ್ಮ ಊರಿಗೇ ಬಂದು ಆರ್ಬಿಟ್ರೇಶನ್ (ಕೋರ್ಟಿನ ಹೊರಗ ಮಧ್ಯಸ್ಥರ ಮುಂದ ತೀರ್ಮಾನ) ಮಾಡ್ಕೊ ಅಂದ್ರು. ಹೆದರಬ್ಯಾಡ್ರಿ, 2019ರ ಗ್ರಾಹಕ ಕಾಯ್ದೆಯಾಗ ನಾವು ಇರೋ ಜಿಲ್ಲೆಯಾಗೇ ಕೇಸ್ ಹಾಕಬಹುದು, ಎರಡು ವರ್ಷದೊಳಗ ಹಾಕಬೇಕು, 5 ಲಕ್ಷದ ತನಕ ಫೀಸೂ ಇಲ್ಲ, ವಕೀಲರಿಲ್ಲದೇ ನಾವೇ ನಿಂತು ಹೇಳಬಹುದು. ವಕೀಲರ ಸೇವೆ ಗ್ರಾಹಕ ಕಾಯ್ದೆಯಾಗ ಬರಲ್ಲ ಅಂತ 2024ರ ಮೇ ತಿಂಗಳಾಗ ಸುಪ್ರೀಂ ಕೋರ್ಟ್ ಹೇಳ್ಯಾದ, ಕಂಪನಿಯವರು ಅದನ್ನೇ ಮುಂದ ಮಾಡ್ತಾರ, ಆದ್ರ ನಾ ರೊಕ್ಕ ಕಟ್ಟಿದ್ದು ವಕೀಲರಿಗಲ್ಲ, ಕಾರ್ಡ್ ಮಾರಿದ ಕಂಪನಿಗಿ. ನನ್ನ ಅರ್ಜಿಯಾಗೂ ಹಂಗೇ ಬರೆದೀನಿ.

ಹೋದ ಮಂಗಳವಾರ ಎಸಿ ಆಫೀಸಿನಾಗ ತಾರೀಖಿತ್ತು. ಕಾಕಾನೂ ಬಂದಿದ್ದ, ಅವ್ವನ ಕಡಿ ನೋಡ್ಲಿಲ್ಲ. ವಕೀಲಮ್ಮ ನಮಗಿಂತ ಮೊದಲೇ ಬಂದು ನಿಂತಿದ್ರು.