ಏಳು ಸೀಟು, ಒಂದು ಸಿಲಿಂಡರ್: ನಮ್ಮ ಮನೆ ಕಾರಿಗೆ ಮೂರು ವರ್ಷ

ಹುಬ್ಬಳ್ಳಿಯಲ್ಲಿ ಹೊಸ ಕಾರು ತಂದು ಮನೆ ಮುಂದೆ ನಿಲ್ಲಿಸಿದರೆ ಓಣಿಯವರ ಮೊದಲ ಪ್ರಶ್ನೆ, "ಎಷ್ಟಕ್ಕ ಬಿತ್ರಿ?" ಎರಡನೆಯದು, "ಎಷ್ಟ ಕೊಡತೈತಿ?" ಈ ಎರಡಕ್ಕೂ ಉತ್ತರ ಹೇಳ್ತೀನಿ. ನಮ್ಮ ಅವ್ವ ಕೇಳಿದ ಮೂರನೇ ಪ್ರಶ್ನೆ ಶೋರೂಂನಲ್ಲಿ ನನಗೆ ಹೊಳೆದೇ ಇರಲಿಲ್ಲ.

ಕಾರು ಕಂಪನಿಯೇ ಸಿಎನ್‌ಜಿ (ಸಿಲಿಂಡರಿಗೆ ಒತ್ತಿ ತುಂಬುವ ನೈಸರ್ಗಿಕ ಗ್ಯಾಸ್) ಕಿಟ್ ಹಾಕಿ ಕೊಟ್ಟ ಏಳು ಸೀಟಿನದು. ಪೆಟ್ರೋಲ್‌ನಲ್ಲೂ ಓಡುತ್ತದೆ. ಫೆಬ್ರವರಿ 2023ರಲ್ಲಿ ಬಂತು, ಈಗ 58,000 ಕಿ.ಮೀ. ಆಗಿದೆ. ಕಂಪನಿ ಹೆಸರು, ಶೋರೂಂ ಹೆಸರು ಎರಡೂ ಬರೆಯುವುದಿಲ್ಲ. ನಾಳೆ ಸರ್ವಿಸಿಗೆ ಅಲ್ಲಿಗೇ ಹೋಗಬೇಕಲ್ವಾ.

ಮನೆಯಲ್ಲಿ ನಾವು ಏಳು ಜನ. ಅಪ್ಪ, ಅವ್ವ, ನಾವಿಬ್ಬರು, ಇಬ್ಬರು ಮಕ್ಕಳು, ಇಲ್ಲೇ ಇದ್ದು ಇಂಜಿನಿಯರಿಂಗ್ ಓದುವ ಅಕ್ಕನ ಮಗಳು. ನನ್ನ ಕೆಲಸ ಧಾರವಾಡದಲ್ಲಿ, ಹೆಂಡತಿಯ ಶಾಲೆಯೂ ಅಲ್ಲೇ. ದಿನಕ್ಕೆ ಹೋಗಿ ಬರುವುದು ಸುಮಾರು 44 ಕಿ.ಮೀ. "ಚಿಗರಿ ಬಸ್ಸಿನ್ಯಾಗ ಎಸಿ ಒಳಗ ಕುಂತು ಹೋಗೂದು ಬಿಟ್ಟು ಇದ್ಯಾಕ ಬೇಕಿತ್ರಿ" ಅಂತ ಅವಳು ಈಗಲೂ ಆಗಾಗ ಕೇಳುತ್ತಾಳೆ. ಉಣಕಲ್ ಹತ್ತಿರ ನಾವು ಸಿಗ್ನಲ್‌ನಲ್ಲಿ ನಿಂತಾಗ ರಸ್ತೆ ನಡುವೆ ಬಸ್ಸಿಗಂತಲೇ ಇರುವ ದಾರಿಯಲ್ಲಿ ಚಿಗರಿ ಸರ್ರಂತ ದಾಟಿ ಹೋದರೆ ನನಗೂ ಹಾಗೇ ಅನಿಸುತ್ತದೆ. ಆ ಮಾತು ಬೇರೆ.

ಬುಕ್ ಮಾಡಿದ್ದು 2022ರ ಗಣೇಶ ಚೌತಿಯ ಮರುವಾರ. ಚಿಪ್ ಕೊರತೆಯ ಕಾಲ ಅದು, ಯಾವ ಕಂಪನಿಯ ಕಾರಿಗೂ ತಿಂಗಳುಗಟ್ಟಲೆ ಕಾಯಬೇಕಿತ್ತು. ಆದರೆ ಸೇಲ್ಸ್ ಹುಡುಗನ ಬಾಯಲ್ಲಿ ಕೊರತೆಯ ಮಾತೇ ಇಲ್ಲ. "ಇವತ್ತ ಬುಕ್ ಮಾಡ್ರಿ ಸರ, ದಸರಾಕ್ಕ ಬನ್ನಿ ಕೊಡೂದ್ರಾಗ ಗಾಡಿ ಮನಿ ಮುಂದಿರ್ತೈತಿ" ಅಂದ. ದಸರಾ ಬಂತು, ಗಾಡಿ ಬರಲಿಲ್ಲ. ನಾನೇ ಬನ್ನಿ ಹಿಡಿದುಕೊಂಡು ಶೋರೂಂಗೆ ಹೋದೆ. ಅವನೂ ಬನ್ನಿ ಕೊಟ್ಟು "ಬಂಗಾರದಂಗ ಇರೋಣ್ರಿ ಸರ" ಅಂದ. ಜಗಳ ಮಾಡಲಿಕ್ಕೆ ಹೋದವನು ಕೈ ಮುಗಿದು ವಾಪಸ್ ಬಂದೆ. ಆಮೇಲೆ ದೀಪಾವಳಿ ಅಂದರು, ಅದಾದ ಮೇಲೆ ಸಂಕ್ರಾಂತಿ. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ, "ಟ್ರಾನ್ಸಿಟ್‌ನ್ಯಾಗ ಐತ್ರಿ." ಐದು ತಿಂಗಳು ದಾರಿಯಲ್ಲೇ ಇದ್ದ ಗಾಡಿ ಅದು, ಎತ್ತಿನ ಬಂಡಿಯಾಗಿದ್ದರೂ ಅಷ್ಟರಲ್ಲಿ ಬಂದಿರುತ್ತಿತ್ತು.

ಈ ನಡುವೆ ರೇಟ್ ಏರಿತು. ಬುಕಿಂಗ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ, ಡೆಲಿವರಿ ದಿನದ ರೇಟೇ ಲೆಕ್ಕ ಅಂತ. ಓದದೇ ಸಹಿ ಹಾಕಿದ್ದು ನನ್ನ ತಪ್ಪು.

ಈಗ "ಎಷ್ಟಕ್ಕ ಬಿತ್ತು" ಅನ್ನುವುದಕ್ಕೆ ಬರೋಣ. ಎಕ್ಸ್ ಶೋರೂಂ ಬೆಲೆ ಹನ್ನೊಂದೂವರೆ ಲಕ್ಷದ ಹತ್ತಿರ. ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ದಾಟಿದ ಕಾರಿಗೆ ಇಪ್ಪತ್ತು ಲಕ್ಷದವರೆಗೆ ಆಜೀವ ತೆರಿಗೆ ಶೇ. 17, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಇಷ್ಟರಲ್ಲೇ 2 ಲಕ್ಷ 17 ಸಾವಿರ ಹೋಯಿತು. ಐದರಿಂದ ಹತ್ತು ಲಕ್ಷದ ಒಳಗಿನ ಕಾರಾದರೆ ತೆರಿಗೆ ಶೇ. 14. ಅದಕ್ಕೇ ಒಂಬತ್ತು ಲಕ್ಷ ತೊಂಬತ್ತು ಸಾವಿರದ ಕಾರಿಗೂ ಹತ್ತು ಲಕ್ಷ ಹತ್ತು ಸಾವಿರದ ಕಾರಿಗೂ ನಡುವೆ ಇರುವ ಅಂತರ ಬರೀ ಇಪ್ಪತ್ತು ಸಾವಿರದ್ದಲ್ಲ, ನೋಡಿಕೊಳ್ಳಿ. ಹತ್ತು ಲಕ್ಷ ದಾಟಿದ್ದಕ್ಕೆ ಶೇ. 1 ಟಿಸಿಎಸ್ (ಮಾರುವವರೇ ಮುಂಚಿತವಾಗಿ ವಸೂಲು ಮಾಡುವ ತೆರಿಗೆ) ಬೇರೆ ಕಟ್ಟಿಸಿಕೊಳ್ಳುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ ತುಂಬುವಾಗ ನಮ್ಮ ಲೆಕ್ಕಕ್ಕೇ ಜಮಾ ಆಗುತ್ತದೆ. ಶೋರೂಂನಲ್ಲಿ ಯಾರೂ ಇದನ್ನು ಹೇಳಲಿಲ್ಲ. ನನಗೆ 11,500 ರೂಪಾಯಿ ಹೀಗೆ ಸಿಕ್ಕಿತು.

ಬಿಲ್ಲಿನಲ್ಲಿ ಇನ್ನೂ ಎರಡು ಸಾಲು ಇದ್ದವು. ಒಂದು ಹ್ಯಾಂಡ್ಲಿಂಗ್ ಚಾರ್ಜ್. ಏನನ್ನು ಹ್ಯಾಂಡಲ್ ಮಾಡಿದ್ದೀರಿ ಅಂತ ಕೇಳಿದೆ. ಮ್ಯಾನೇಜರ್ ನಕ್ಕರು, ನಾನು ನಗಲಿಲ್ಲ, ಆ ಸಾಲು ಹೋಯಿತು. ಇನ್ನೊಂದು ಇನ್ಶೂರೆನ್ಸ್. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದನ್ನು ಎಲ್ಲಿ ಮಾಡಿಸಬೇಕು ಅನ್ನುವುದು ನಮ್ಮ ಇಷ್ಟ. ಹೊರಗಿನಿಂದ ಅದೇ ಮಟ್ಟದ ಪಾಲಿಸಿಗೆ ಕೋಟೇಶನ್ ತಂದು ಮೇಜಿನ ಮೇಲೆ ಇಟ್ಟೆ. 17,000 ರೂಪಾಯಿ ಕಡಿಮೆ ಇತ್ತು. ಹತ್ತು ನಿಮಿಷದಲ್ಲಿ ಅವರ ರೇಟೂ ಇಳಿಯಿತು.

ಗಾಡಿ ಪಾಸಿಂಗ್‌ಗೆ, ಅಂದರೆ ನೋಂದಣಿಗೆ, ಹೋಗುವ ಮೊದಲು ಯಾರ್ಡಿಗೆ ಹೋಗಿ ನೋಡಿದ್ದು ನಾನು ಮಾಡಿದ ಜಾಣತನದ ಕೆಲಸ. ಅಕ್ಕನ ಮಗಳು ಮೊಬೈಲ್ ಟಾರ್ಚ್ ಹಿಡಿದು ಟೈರಿನ ಪಕ್ಕ ಕೂತಳು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. "ಮಾಮಾ, 4622" ಅಂದಳು. ಅಂದರೆ 2022ರ ನವೆಂಬರಿನ ಟೈರು. ಕಾಗದ ತರಿಸಿ ನೋಡಿದರೆ ಕಾರು ತಯಾರಾಗಿದ್ದು ಡಿಸೆಂಬರ್ 2022. ಕೊಡುತ್ತಿರುವುದು ಫೆಬ್ರವರಿ 2023ರಲ್ಲಿ. ಎರಡು ತಿಂಗಳಲ್ಲಿ ಕಾರು ಹಳೆಯದಾಗಲ್ಲ ನಿಜ, ಆದರೆ ಮಾರುವಾಗ ಒಂದು ವರ್ಷ ಹಳೆಯ ಮಾಡೆಲ್ ಅಂತಲೇ ಬೆಲೆ ಕಟ್ಟುತ್ತಾರೆ. ಬೇಡ ಅಂದರೆ ಮತ್ತೆ ಮೂರು ತಿಂಗಳು ಟ್ರಾನ್ಸಿಟ್. ಕೊನೆಗೆ ಎಕ್ಸ್‌ಟೆಂಡೆಡ್ ವಾರಂಟಿ ಪುಕ್ಕಟೆ ಹಾಕಿಸಿಕೊಂಡು ಒಪ್ಪಿದೆ. ಹಟ ಹಿಡಿದಿದ್ದರೆ ಇನ್ನೂ ಏನಾದರೂ ಸಿಗುತ್ತಿತ್ತೇನೋ. ನನಗೂ ಕಾದು ಸಾಕಾಗಿತ್ತು.

ಡೆಲಿವರಿ ದಿನ ನೇರ ಸಿದ್ಧಾರೂಢ ಮಠಕ್ಕೆ ಹೋದೆವು. ಪೂಜೆ ಮಾಡಿಸಿ, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು ಹತ್ತಿಸಿದೆವು. ಕಾಯಿ, ಹೂವಿನ ಬುಟ್ಟಿ ಇಡಲಿಕ್ಕೆ ಅವ್ವ ಡಿಕ್ಕಿ ತೆರೆಸಿದಳು. ಒಳಗೆ ದಪ್ಪನೆಯ ಸಿಲಿಂಡರ್ ಅಡ್ಡ ಮಲಗಿದೆ. ಹಿಂದಿನ ಸೀಟು ಎತ್ತಿ ನಿಲ್ಲಿಸಿದರೆ ಅದಕ್ಕೂ ಸೀಟಿಗೂ ನಡುವೆ ಒಂದು ಛತ್ರಿ ಹಿಡಿಸೀತು, ಅಷ್ಟೇ.

"ತಮ್ಮಾ, ಇದರಾಗ ಬುತ್ತಿ ಗಂಟು ಎಲ್ಲಿ ಇಡೂದೋ?"

ಶೋರೂಂನಲ್ಲಿ ನಮಗೆ ತೋರಿಸಿದ್ದು ಪೆಟ್ರೋಲ್ ಗಾಡಿ. ಅದರ ಡಿಕ್ಕಿಯಲ್ಲಿ ಎರಡು ಬ್ಯಾಗ್ ನಿಲ್ಲುತ್ತಿದ್ದವು. ಸಿಎನ್‌ಜಿ ಗಾಡಿ ಕಣ್ಣಿಗೆ ಬಿದ್ದಿದ್ದೇ ಹಣ ಕಟ್ಟಿದ ಮೇಲೆ. ಸಿಲಿಂಡರ್ ಎಲ್ಲೋ ಒಂದು ಕಡೆ ಇರಲೇಬೇಕು ಅನ್ನುವುದು ನನಗೂ ತಲೆಗೆ ಹೋಗಿರಲಿಲ್ಲ. ಏಳು ಸೀಟಿನ ಸಿಎನ್‌ಜಿ ಕಾರಿನಲ್ಲಿ ಏಳು ಜನ ಹೋಗಬಹುದು, ಇಲ್ಲವೇ ಐದು ಜನ ಸಾಮಾನು ಸಮೇತ ಹೋಗಬಹುದು. ಏಳು ಜನರೂ ಸಾಮಾನೂ ಒಟ್ಟಿಗೆ ಅಂದರೆ ಆಗದು. ಮೇಲೆ ಕ್ಯಾರಿಯರ್ ಹಾಕಿಸಿದೆವು. ಅದಕ್ಕೆ ತಾಡಪತ್ರಿ, ಹಗ್ಗ, ಜೊತೆಗೆ ಮೈಲೇಜ್‌ನಲ್ಲಿ ಒಂದೊಂದೂವರೆ ಕಿ.ಮೀ. ಕಡಿತ. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಮಾತ್ರ ಅವ್ವನ ಕಾಲ ಬಳಿಯೇ ಹೋಗುತ್ತದೆ. ಕ್ಯಾರಿಯರ್ ಮೇಲೆ ಅನ್ನ ಇಡಬಾರದು ಅನ್ನುವುದು ಅವಳ ವಾದ.

"ಎಷ್ಟ ಕೊಡತೈತಿ" ಅನ್ನುವ ವಿಷಯದಲ್ಲಿ ಮಾತ್ರ ನನಗೆ ಕಾರಿನ ಮೇಲೆ ದೂರಿಲ್ಲ. ಹುಬ್ಬಳ್ಳಿ–ಧಾರವಾಡ ಓಡಾಟದಲ್ಲಿ ಕೆ.ಜಿ. ಗ್ಯಾಸಿಗೆ 24 ಕಿ.ಮೀ., ಪೆಟ್ರೋಲ್‌ನಲ್ಲಿ ಲೀಟರಿಗೆ 14. ನಾನು ಹಾಕಿಸಿದ ಗ್ಯಾಸಿನ ಸರಾಸರಿ ದರ ಕೆ.ಜಿ.ಗೆ 88 ರೂಪಾಯಿ ಆಸುಪಾಸು. ಪೆಟ್ರೋಲ್ ನೂರರ ಮೇಲೆ. ಕಿ.ಮೀ.ಗೆ ಮೂರೂವರೆ ರೂಪಾಯಿ ಉಳಿತಾಯ ಅಂತ ಹಿಡಿಯಿರಿ. ಪೆಟ್ರೋಲ್ ಗಾಡಿಗಿಂತ 95,000 ಹೆಚ್ಚು ಕೊಟ್ಟಿದ್ದೆ. ಅದು 27,000 ಕಿ.ಮೀ.ಗೆ ಬಂದು ಮುಟ್ಟಿತು, ಅಂದರೆ ಒಂದೂವರೆ ವರ್ಷ. ಎದುರು ಮನೆಯವರು ನನ್ನನ್ನು ನೋಡಿ ಸಿಎನ್‌ಜಿ ತಗೊಂಡರು. ಅವರ ಓಡಾಟ ವಾರಕ್ಕೊಮ್ಮೆ ಮಾರ್ಕೆಟ್, ತಿಂಗಳಿಗೊಮ್ಮೆ ಗದಗ. ಅವರ ದುಡ್ಡು ಮುಟ್ಟಲಿಕ್ಕೆ ಹತ್ತು ವರ್ಷವಾದರೂ ಬೇಕು. ನಾನು ಮೊದಲೇ ಹೇಳಿದ್ದೆ, ಕೇಳಲಿಲ್ಲ.

ಈ ಉಳಿತಾಯದಲ್ಲಿ ನಮ್ಮ ಸಮಯದ ಬೆಲೆ ಹಿಡಿದಿಲ್ಲ. ಗ್ಯಾಸ್ ಪಂಪಿನಲ್ಲಿ ನಮ್ಮ ಮುಂದೆ ಇಪ್ಪತ್ತು ಆಟೋ ಇರುತ್ತವೆ. ಪೈಪ್‌ಲೈನ್ ಬರದ ಪಂಪ್‌ಗಳಿಗೆ ಲಾರಿಯಲ್ಲಿ ಸಿಲಿಂಡರ್‌ಗಳ ಗೊಂಚಲು ಬರುತ್ತದೆ. ಅದು ತುಂಬಿದ್ದಾಗ ಒತ್ತಡ ಚೆನ್ನಾಗಿರುತ್ತದೆ, ಖಾಲಿಯಾಗುತ್ತ ಬಂದಂತೆ ಇಳಿಯುತ್ತದೆ. ಮುಕ್ಕಾಲು ಗಂಟೆ ನಿಂತು ನಿಮ್ಮ ಪಾಳಿ ಬಂದಾಗ "ಪ್ರೆಶರ್ ಇಲ್ರಿ ಅಣ್ಣಾರ" ಅಂತಾರೆ. ಹತ್ತು ಕೆ.ಜಿ. ಹಿಡಿಯುವ ಟ್ಯಾಂಕಿಗೆ ಆರು ಕೆ.ಜಿ. ಬಿದ್ದಿರುತ್ತದೆ. ಮಟಮಟ ಮಧ್ಯಾಹ್ನ ಇನ್ನೂ ಕಡಿಮೆ, ಬಿಸಿಗೆ ಗ್ಯಾಸ್ ಹಿಗ್ಗುತ್ತದಲ್ಲ. ತುಂಬಿಸುವಾಗ ಗಾಡಿಯಲ್ಲಿ ಇರುವವರೆಲ್ಲ ಕೆಳಗೆ ಇಳಿಯಬೇಕು. ಮಂಡಿನೋವಿನ ಅವ್ವ ಇಳಿದು ಹತ್ತುವಷ್ಟರಲ್ಲಿ ಹಿಂದಿನ ಆಟೋದವರ ಹಾರ್ನ್ ಶುರು. ಈಗ ನಾನು ಬೆಳಿಗ್ಗೆ ಆರಕ್ಕೆ ಒಬ್ಬನೇ ಹೋಗಿ ಹಾಕಿಸಿಕೊಂಡು ಬರುತ್ತೇನೆ. ಎಂಟೂವರೆ ಕೆ.ಜಿ. ಬೀಳುತ್ತದೆ, 200 ಕಿ.ಮೀ. ಚಿಂತೆ ಇಲ್ಲ.

ಗ್ಯಾಸಿನ ಮೇಲೆ ಎಳೆತ ಕಡಿಮೆ. ಅಂಕೋಲಾ ಕಡೆಯಿಂದ ಬರುವಾಗ ಅರಬೈಲ್ ಘಾಟಿನಲ್ಲಿ ಏಳು ಜನ ಕೂತರೆ ಸೆಕೆಂಡ್ ಗೇರ್, ಎಸಿ ಬಂದ್. ಲಾರಿ ಹಿಂದೆ ಹಾಕಬೇಕು ಅಂದರೆ ಪೆಟ್ರೋಲ್ ಬಟನ್ ಒತ್ತಿ, ಇಲ್ಲಾಂದ್ರೆ ಸುಮ್ನೆ ಲಾರಿಯ ಹಿಂದೆಯೇ ಬರ್ರಿ. ಊರಲ್ಲಿ ಓಡಿಸುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ನಮ್ಮ ಹೊಲ ನವಲಗುಂದದ ಕಡೆ. ಎರಿ ಭೂಮಿ, ಅಂದರೆ ಜಿಗುಟು ಕಪ್ಪು ಮಣ್ಣು, ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಮೊದಲ ವರ್ಷದ ಮುಂಗಾರಿನಲ್ಲಿ ಅಪ್ಪ "ಬದುವಿನ ತನಕ ಹೋಗೂಣು" ಅಂದರು, ಹೋದೆವು. ಬರುವಾಗ ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ಅದು ಅಲ್ಲಿಗೇ ಮುಗಿಯಲಿಲ್ಲ. ಮರುದಿನ ಧಾರವಾಡದ ದಾರಿಯಲ್ಲಿ ಎಂಬತ್ತರ ವೇಗಕ್ಕೆ ಸ್ಟೇರಿಂಗ್ ಗಡಗಡ ನಡುಗತೊಡಗಿತು. ಟ್ರ್ಯಾಕ್ಟರ್ ಎಳೆದಾಗ ಏನೋ ಬೆಂಡಾಗಿದೆ ಅಂತ ಎದೆ ಧಸಕ್ ಅಂತು. ವೀಲ್ ಬ್ಯಾಲೆನ್ಸಿಂಗ್ ಅಂಗಡಿಗೆ ಒಯ್ದೆ. ಹುಡುಗ ಗಾಲಿ ಬಿಚ್ಚಿ ರಿಮ್ಮಿನ ಒಳಮಗ್ಗುಲು ತೋರಿಸಿದ. ಎರಿಮಣ್ಣು ಒಣಗಿ ಒಂದು ಕಡೆ ಇಟ್ಟಂಗಿಯಂತೆ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಮೀಟಿದ, ಹೆಂಟೆ ಹೆಂಟೆಯಾಗಿ ಬಿತ್ತು. "ಬ್ಯಾಲೆನ್ಸಿಂಗ್ ಬ್ಯಾಡ್ರಿ, ನಿಮ್ಮ ಹೊಲ ನೀವು ವಾಪಸ್ ಒಯ್ರಿ" ಅಂದ. ಐವತ್ತು ರೂಪಾಯಿ ಕೊಟ್ಟರೆ ಚಹಾಕ್ಕೆ ಸಾಕು ಅಂತ ಇಪ್ಪತ್ತು ಇಟ್ಟುಕೊಂಡ. ಅವತ್ತಿನಿಂದ ಹೊಲಕ್ಕೆ ಬೈಕ್.

ರಿಪೇರಿ ವಿಷಯ ಬೇಗ ಹೇಳಿಬಿಡುತ್ತೇನೆ. ನಾಲ್ಕೂ ಟೈರ್ 48,000 ಕಿ.ಮೀ.ಗೆ ಬದಲಾದವು. ಬ್ರೇಕ್ ಪ್ಯಾಡ್ ಒಮ್ಮೆ. ಇಲಿ ವೈರ್ ಕಡಿದು ಒಮ್ಮೆ ನಾಲ್ಕು ಸಾವಿರ ಹೋಯಿತು, ಇದು ವಾರಂಟಿಯಲ್ಲಿ ಬರುವುದಿಲ್ಲ. ಇಂಜಿನ್ ಇವತ್ತಿಗೂ ಕೈ ಕೊಟ್ಟಿಲ್ಲ. ಪೆಟ್ರೋಲ್ ಟ್ಯಾಂಕ್ ಕಾಲು ಭಾಗಕ್ಕಿಂತ ಇಳಿಯಲು ಬಿಡಬೇಡಿ, ವಾರಕ್ಕೆ ಹತ್ತು ಕಿ.ಮೀ. ಆದರೂ ಪೆಟ್ರೋಲ್‌ನಲ್ಲಿ ಓಡಿಸಿ. ಅಪ್ಪ ಇದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಇಟ್ಟಿದ್ದಾರೆ.

ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಆಗಬೇಕು. ಕಾರಿನಿಂದ ಬಿಚ್ಚಿ, ನೀರು ತುಂಬಿ, ಒತ್ತಡ ಹಾಕಿ ಪರೀಕ್ಷೆ ಮಾಡುತ್ತಾರೆ. ನಮ್ಮದರ ಪಾಳಿ ಕಳೆದ ವಾರ ಬಂತು. ಸಿಲಿಂಡರ್ ಬಿಚ್ಚಿಟ್ಟುಕೊಂಡು, ಪೈಪಿನ ಬಾಯಿ ಮುಚ್ಚಿ, "ಮೂರು ದಿನ ಬಿಟ್ಟು ಬರ್ರಿ, ಅಲ್ಲೀತನ ಪೆಟ್ರೋಲ್‌ನ್ಯಾಗ ಓಡಸ್ರಿ" ಅಂತ ಗಾಡಿ ಕೊಟ್ಟರು. ಮನೆಗೆ ತಂದು ಡಿಕ್ಕಿ ಒರೆಸುತ್ತಿದ್ದೆ. ಅವ್ವ ಬಂದು ಬಗ್ಗಿ ನೋಡಿದಳು.

"ಇಷ್ಟು ಜಾಗ ಐತಲ್ಲೋ ಇದರಾಗ!"

ಸಿಲಿಂಡರ್ ಮೂರು ದಿನಕ್ಕೆ ವಾಪಸ್ ಬರ್ತೈತವ್ವ ಅಂದೆ. ಅವಳು ಒಳಗೆ ಹೋಗಿ ರೊಟ್ಟಿಯ ಬುಟ್ಟಿ ತಂದು ಡಿಕ್ಕಿಯಲ್ಲಿ ಇಟ್ಟು ಅಳತೆ ನೋಡಿದಳು. ಪಕ್ಕಕ್ಕೆ ನೀರಿನ ಕ್ಯಾನ್ ಇಟ್ಟಳು. ಅದೂ ಕೂತಿತು.

"ಹಂಗಾರ ನಾಳೇನ ಸವದತ್ತಿಗೆ ಹೋಗಿ ಬಂದಬಿಡೂಣು, ಯಲ್ಲಮ್ಮನ ಹರಕಿ ಬಾಕಿ ಐತಿ."

ಹೋಗಿ ಬಂದೆವು. ಪೆಟ್ರೋಲ್‌ನಲ್ಲಿ, ಏಳು ಜನ, ಬುತ್ತಿ ಸಮೇತ.